ಮರದ ತೇವಾಂಶ ಹೀರಿಕೆ ಮತ್ತು ಒಳಮೈ

ಒಣಮರ ಗಾಳಿಯಿಂದ ಎಷ್ಟು ನೀರಾವಿ ಹೀರುತ್ತದೆಂದು ಅಳೆದು, ಅದರ ಕೋಶಭಿತ್ತಿಯಲ್ಲಿ ನೀರಿಗೆ ಎಟುಕುವ ಮೇಲ್ಮೈ ಎಷ್ಟಿದೆ, ಎಂಥದು ಎಂದು ತಿಳಿಯಬಹುದು. ಈ ಮೇಲ್ಮೈಯೇ ಮರದ ಒಳಮೈ.

ನೀರು ನಿಲ್ಲುವ ನೆಲೆಗಳು: ಕೋಶಭಿತ್ತಿಯಲ್ಲಿ ಸೆಲ್ಯುಲೋಸ್ ಎಳೆಗಳಿದ್ದು, ಅವುಗಳ ನಡುವೆ ಹೆಮಿಸೆಲ್ಯುಲೋಸ್ ಮತ್ತು ಲಿಗ್ನಿನ್ ತುಂಬಿರುತ್ತವೆ. ನೀರಿನ ಅಣುಗಳು ಇವುಗಳ ಹೈಡ್ರಾಕ್ಸಿಲ್ ಗುಂಪುಗಳಿಗೆ ಹೈಡ್ರೋಜನ್ ಬಂಧದಿಂದ ಅಂಟುತ್ತವೆ. ಹೆಮಿಸೆಲ್ಯುಲೋಸ್ ಹೆಚ್ಚು ನೀರು ಹಿಡಿಯುತ್ತದೆ, ಲಿಗ್ನಿನ್ ಕಡಿಮೆ. ಸೆಲ್ಯುಲೋಸಿನ ಸ್ಫಟಿಕ ಭಾಗದ ಒಳಕ್ಕೆ ನೀರು ಇಳಿಯದು. ಎಳೆಗಳು ಬಹುಮಟ್ಟಿಗೆ ಮರದ ಉದ್ದಕ್ಕೇ ಸಾಗುವುದರಿಂದ, ನಡುವೆ ನುಗ್ಗಿದ ನೀರು ಅವನ್ನು ಅಕ್ಕಪಕ್ಕಕ್ಕೆ ಸರಿಸುತ್ತದೆ. ಮಳೆಗಾಲದಲ್ಲಿ ಬಾಗಿಲಿನ ಹಲಗೆ ಅಗಲದಲ್ಲಿ ಉಬ್ಬಿದರೂ ಉದ್ದದಲ್ಲಿ ಅಷ್ಟಾಗಿ ಬೆಳೆಯದಿರುವುದು ಇದರಿಂದಲೇ.

ಅಳತೆ: ಉಷ್ಣತೆಯನ್ನು ಸ್ಥಿರವಾಗಿರಿಸಿ, ಸಾಪೇಕ್ಷ ಆರ್ದ್ರತೆಯನ್ನು ಹಂತಹಂತವಾಗಿ ಏರಿಸುತ್ತ ಮರದ ತುಣುಕನ್ನು ತೂಗುತ್ತಾರೆ. ಆರ್ದ್ರತೆಯನ್ನು ಹಿಡಿದಿಡಲು ಪರ್ಯಾಪ್ತ ಲವಣ ದ್ರಾವಣ ಬಳಸುವುದು ಹಳೆಯ ಕ್ರಮ. ಅಡುಗೆ ಉಪ್ಪಿನ ಪರ್ಯಾಪ್ತ ದ್ರಾವಣದ ಮೇಲಿನ ಗಾಳಿಯಲ್ಲಿ ಆರ್ದ್ರತೆ ಸುಮಾರು ಶೇ. 75. ಹೀಗೆ ದೊರೆಯುವ, ಆರ್ದ್ರತೆಗೆ ತಕ್ಕಂತೆ ತೇವಾಂಶವನ್ನು ತೋರಿಸುವ ಸಮೋಷ್ಣ ರೇಖೆ ಮೊದಲು ಚುರುಕಾಗಿ ಏರಿ, ನಡುವೆ ನಿಧಾನವಾಗಿ, ಕೊನೆಗೆ ಕಡಿದಾಗುತ್ತದೆ. ಕೋಶಭಿತ್ತಿ ತುಂಬುವ ಹೊತ್ತಿಗೆ ತೇವಾಂಶ ಒಣತೂಕದ ಸುಮಾರು ಶೇ. 30 ಆಗಿರುತ್ತದೆ. ಇದು ತಂತು ಪರ್ಯಾಪ್ತ ಬಿಂದು.

ಒಳಮೈಯ ಲೆಕ್ಕ: ಬ್ರೂನೋರ್, ಎಮೆಟ್, ಟೆಲ್ಲರ್ 1938ರಲ್ಲಿ ಪ್ರಕಟಿಸಿದ ಸಮೀಕರಣದಿಂದ, ಒಳಮೈಯನ್ನು ಒಂದೇ ಅಣುವಿನ ದಪ್ಪಕ್ಕೆ ಹೊದಿಸುವ ಮೊದಲ ಪದರಕ್ಕೆ ಬೇಕಾದ ನೀರನ್ನು ಲೆಕ್ಕಹಾಕಬಹುದು. ಮರದಲ್ಲಿ ಅದು ಒಣತೂಕದ ಸುಮಾರು ಶೇ. 5. ಒಂದು ಅಣು 0.106 ಚದರ ನ್ಯಾನೊಮೀಟರ್ ಆವರಿಸುತ್ತದೆಂದು ಹಿಡಿದರೆ, ಒಂದು ಗ್ರಾಂ ಮರದ ಒಳಮೈ 170 ಚದರ ಮೀಟರ್ ದಾಟುತ್ತದೆ. ಸಾಮಾನ್ಯವಾಗಿ ಒಣಗಿಸಿದ ಅದೇ ಮರವನ್ನು ನೈಟ್ರೋಜನ್ ಅನಿಲದಿಂದ ಅಳೆದರೆ ಸಿಗುವುದು ಕೆಲವೇ ಚದರ ಮೀಟರ್. ಒಣಗುವಾಗ ಎಳೆಗಳ ನಡುವಿನ ಸಂದುಗಳು ಮುಚ್ಚಿಹೋಗುತ್ತವೆ. ನೈಟ್ರೋಜನ್ ಅವನ್ನು ತೆರೆಯಲಾರದು, ನೀರು ತೆರೆಯಬಲ್ಲದು. ಹಸಿಮರದ ನೀರನ್ನು ಬೇರೆ ದ್ರಾವಕದಿಂದ ಹೊರದೂಡಿ, ಸಂದುಗಳು ಕುಸಿಯದಂತೆ ಒಣಗಿಸಿದಾಗ ನೈಟ್ರೋಜನ್ ಅಳತೆಯೂ ಬಹಳ ಹೆಚ್ಚುವುದು ಇದಕ್ಕೆ ಪುರಾವೆ. ಎಂದರೆ, ಒಳಮೈ ಸಿದ್ಧವಾಗಿರುವ ರಂಧ್ರಗಳ ಗೋಡೆಯಲ್ಲ. ನೀರು ಹೊಕ್ಕಂತೆ ತೆರೆದುಕೊಳ್ಳುವಂಥದು.

ಮಿತಿ: ಒಂದೇ ಆರ್ದ್ರತೆಯಲ್ಲಿ, ಒಣಗುತ್ತಿರುವ ಮರದಲ್ಲಿ ಹೀರುತ್ತಿರುವ ಮರಕ್ಕಿಂತ ಹೆಚ್ಚು ನೀರಿರುತ್ತದೆ. ಈ ಹಿಸ್ಟರೀಸಿಸ್ ಮರದ ರಚನೆ ತನ್ನ ತೇವದ ಇತಿಹಾಸಕ್ಕೆ ತಕ್ಕಂತೆ ಬದಲಾಗುವುದನ್ನು ಸೂಚಿಸುತ್ತದೆ. ಸ್ಥಿರ ಮೇಲ್ಮೈಯನ್ನು ಊಹಿಸುವ ಸಮೀಕರಣದ ಫಲಿತಾಂಶವನ್ನು ಆದ್ದರಿಂದ ತೋರಿಕೆಯ ವಿಸ್ತೀರ್ಣವೆಂದೇ ಭಾವಿಸಬೇಕು. ನೀರಿಗೆ ಎಟುಕುವ ಹೈಡ್ರಾಕ್ಸಿಲ್‌ಗಳನ್ನು ನೇರವಾಗಿ ಎಣಿಸಲು ಭಾರಜಲ ಬಳಸುತ್ತಾರೆ: ಹೈಡ್ರೋಜನ್ ಜಾಗಕ್ಕೆ ಡ್ಯೂಟೀರಿಯಂ ಬಂದಾಗ ಏರುವ ತೂಕದಿಂದ ಅವುಗಳ ಸಂಖ್ಯೆ ತಿಳಿಯುತ್ತದೆ.