ನೇತಿ: ನೂಲಿನಿಂದ ನೀರಿಗೆ

ಉಗುರುಬೆಚ್ಚಗಿನ ಉಪ್ಪುನೀರನ್ನು ಗಿಂಡಿಯಿಂದ ಒಂದು ಹೊಳ್ಳೆಗೆ ಹೊಯ್ದು ಇನ್ನೊಂದರಿಂದ ಹರಿಯಬಿಡುವ ಕ್ರಿಯೆಗೆ ಇಂದು ಜಲನೇತಿಯೆಂದು ಹೆಸರು. ನೆಗಡಿ, ಪೀನಸಗಳಿಂದ ಮೂಗು ಕಟ್ಟಿದವರಿಗೆ ಇದನ್ನು ಕಲಿಸುವವರು ಸಾವಿರಾರು ವರ್ಷಗಳ ವಿದ್ಯೆಯೆಂದು ಹೇಳುವುದುಂಟು. ಹಳೆಯ ಗ್ರಂಥಗಳ ಸಾಕ್ಷ್ಯ ಅಷ್ಟು ಸರಳವಾಗಿಲ್ಲ.

15ನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುವ ಸ್ವಾತ್ಮಾರಾಮನ ಹಠಯೋಗಪ್ರದೀಪಿಕೆಯಲ್ಲಿ ನೇತಿಯು ಷಟ್ಕರ್ಮಗಳಲ್ಲೊಂದಾಗಿ ಉಕ್ತವಾಗಿದೆ. (ಉಪನಿಷತ್ತಿನ ‘ನೇತಿ ನೇತಿ’ಗೂ ಇದಕ್ಕೂ ಸಂಬಂಧವಿಲ್ಲ.) ಆದರೆ ಅಲ್ಲಿ ನೀರಿಲ್ಲ, ಗಿಂಡಿಯಿಲ್ಲ, ಉಪ್ಪಂತೂ ಇಲ್ಲವೇ ಇಲ್ಲ. ಗೇಣುದ್ದದ ನುಣುಪಾದ ನೂಲನ್ನು ಮೂಗಿನೊಳಗೆ ಸೇರಿಸಿ ಬಾಯಿಂದ ಹೊರತೆಗೆಯುವುದೇ ಅದರ ನೇತಿ. ಅದಕ್ಕಿಂತ ಈಚಿನ ಘೇರಂಡಸಂಹಿತೆಯ ನೇತಿಯೂ ನೂಲಿನದೇ.

ಹಾಗಾದರೆ ನೀರೆಲ್ಲಿ? ಅದೂ ಘೇರಂಡಸಂಹಿತೆಯಲ್ಲೇ ಇದೆ. ಆದರೆ ಕಪಾಲಭಾತಿಯೆಂಬ ಹೆಸರಿನಡಿಯಲ್ಲಿ. ಅದರ ಮೂರು ಬಗೆಗಳಲ್ಲಿ ಮೊದಲನೆಯದು ಉಸಿರಿಗೆ ಸಂಬಂಧಿಸಿದ್ದು. ವ್ಯುತ್ಕ್ರಮದಲ್ಲಿ ನೀರನ್ನು ಮೂಗಿನಿಂದ ಸೆಳೆದು ಬಾಯಿಂದ ಬಿಡಬೇಕು. ಶೀತ್ಕ್ರಮದಲ್ಲಿ ಬಾಯಿಂದ ಹೀರಿ ಮೂಗಿನಿಂದ ಬಿಡಬೇಕು. ಫಲ, ಕಫದೋಷದ ನಿವಾರಣೆ. ಉದ್ದೇಶ ಇಂದಿನದೇ, ಮಾರ್ಗ ಬೇರೆ. ಹೊಳ್ಳೆಯಿಂದ ಹೊಳ್ಳೆಗೆ ಹರಿಯುವ ಧಾರೆ ಇವೆರಡರಲ್ಲಿಯೂ ಕಾಣದು.

ಆ ಧಾರೆಯ ಶಾರೀರಿಕ ಕಾರಣವನ್ನು 19ನೆಯ ಶತಮಾನದ ಯುರೋಪಿನ ವೈದ್ಯರು ವಿವರಿಸಿದರು. ಬಾಯಿಂದ ಉಸಿರಾಡುವಾಗ ಮೃದುತಾಲು ಮೇಲೇರಿ ಮೂಗಿನ ಹಿಂಬದಿಯನ್ನು ಮುಚ್ಚುವುದರಿಂದ ನೀರು ಗಂಟಲಿಗಿಳಿಯದೆ ಇನ್ನೊಂದು ಹೊಳ್ಳೆಯತ್ತ ತಿರುಗುತ್ತದೆ. 1860ರ ದಶಕದಲ್ಲಿ ಲಂಡನ್ನಿನ ವೈದ್ಯ ಥುಡಿಕುಮ್ ಈ ತತ್ತ್ವದ ಮೇಲೆ ನಾಸಿಕಪ್ರಕ್ಷಾಲನವನ್ನು ಪ್ರಚಾರಕ್ಕೆ ತಂದನು. ಉಪ್ಪಿನ ಲೆಕ್ಕವೂ ಶರೀರಶಾಸ್ತ್ರದ್ದೇ. ಬರಿಯ ನೀರು ಮೂಗಿನ ಒಳಪೊರೆಯನ್ನು ಉರಿಸುತ್ತದೆ. ಒಂದು ಲೀಟರಿಗೆ ಸುಮಾರು 9 ಗ್ರಾಂ ಉಪ್ಪು ಬೆರೆತರೆ ಅದು ದೇಹದ ದ್ರವಕ್ಕೆ ಸಮನಾಗಿ ಉರಿ ತಗ್ಗುತ್ತದೆ, ಅಂಟಿಕೊಂಡ ಸಿಂಬಳ ಸಡಿಲವಾಗಿ ಕೊಚ್ಚಿಹೋಗುತ್ತದೆ.

ಹೀಗೆ ಜಲನೇತಿಯಲ್ಲಿ ಹೆಸರು ಒಂದು ಕಡೆಯದು, ನೀರು ಇನ್ನೊಂದು ಕಡೆಯದು, ಅಳತೆ ಮತ್ತೊಂದು ಕಡೆಯದು. ಇದರಿಂದ ಕ್ರಿಯೆಯ ಬೆಲೆ ಕುಂದದು. ಕಟ್ಟಿದ ಮೂಗಿಗೆ ಇದನ್ನು ಇಂದಿನ ವೈದ್ಯರೂ ಸೂಚಿಸುತ್ತಾರೆ. ಪ್ರಾಚೀನವಾದುದೆಲ್ಲ ನಿರಪಾಯವೆಂಬ ನಂಬಿಕೆಯೇ ಅಪಾಯಕರ. 2011ರಲ್ಲಿ ಅಮೆರಿಕದ ಲೂಯಿಸಿಯಾನಾ ರಾಜ್ಯದಲ್ಲಿ ನಲ್ಲಿಯ ನೀರಿನಿಂದ ಮೂಗು ತೊಳೆದುಕೊಂಡ ಇಬ್ಬರು ತೀರಿಕೊಂಡರು. ನೀಗ್ಲೇರಿಯಾ ಎಂಬ ಅಮೀಬವು ಮೂಗಿನ ದಾರಿಯಾಗಿ ಅವರ ಮಿದುಳನ್ನು ಸೇರಿತ್ತು. ಅದೇ ನೀರನ್ನು ಕುಡಿದಿದ್ದರೆ ಆ ರೋಗ ಬರುತ್ತಿರಲಿಲ್ಲ. ಬಾಯಿಗೆ ಸಲ್ಲುವ ನೀರೆಲ್ಲ ಮೂಗಿಗೆ ಸಲ್ಲದು. ಗಿಂಡಿಗೆ ಹೊಯ್ಯುವ ನೀರು ಚೆನ್ನಾಗಿ ಕುದಿಸಿ ಆರಿಸಿದುದಾಗಿರಬೇಕು.