ಸರ್ವಮಾನ್ಯದಿಂದ 80ಜಿವರೆಗೆ: ದಾನದ ತೆರಿಗೆ ರಿಯಾಯಿತಿ ಮತ್ತು ಅದರ ನಿರಾಕರಣೆ

ಕನ್ನಡ ನಾಡಿನ ದಾನಶಾಸನಗಳಲ್ಲಿ ದಾನದ ವಿವರದ ಜೊತೆಗೆ ತೆರಿಗೆಯ ವಿವರವೂ ಬರುತ್ತದೆ. ಅರಸನಾಗಲಿ ಸಾಮಂತನಾಗಲಿ ಧಾರಾಪೂರ್ವಕವಾಗಿ, ಎಂದರೆ ಕೈಮೇಲೆ ನೀರೆರೆದು, ಭೂಮಿಯನ್ನು ದೇವಾಲಯಕ್ಕೋ ಅಗ್ರಹಾರಕ್ಕೋ ಬಿಟ್ಟನೆಂದು ಹೇಳಿದ ಮೇಲೆ, ಆ ಭೂಮಿಯಿಂದ ಸಲ್ಲಬೇಕಾಗಿದ್ದ ತೆರಿಗೆಗಳನ್ನೂ ಬಿಟ್ಟಿದ್ದಾನೆಂಬುದನ್ನು 'ಸರ್ವಬಾಧಾಪರಿಹಾರ', 'ಸರ್ವನಮಸ್ಯ', 'ಸರ್ವಮಾನ್ಯ' ಎಂಬಂಥ ಮಾತುಗಳಿಂದ ಶಾಸನ ಖಚಿತಪಡಿಸುತ್ತದೆ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಹೆಜ್ಜುಂಕ, ವಡ್ಡರಾವುಳ ಮುಂತಾದ ಸುಂಕಗಳ ಅಧಿಕಾರಿಗಳೇ ತಮ್ಮ ವಸೂಲಿಯ ಒಂದು ಪಾಲನ್ನು ದೇವರ ನಂದಾದೀವಿಗೆಗೋ ಸತ್ರದ ಅನ್ನದಾನಕ್ಕೋ ಬಿಟ್ಟುಕೊಟ್ಟ ನಿದರ್ಶನಗಳೂ ಇವೆ. ಈ ವಿನಾಯಿತಿ ಆಚಂದ್ರಾರ್ಕವಾದದ್ದು, ಎಂದರೆ ಸೂರ್ಯಚಂದ್ರರಿರುವವರೆಗೆ ನಡೆಯಬೇಕಾದದ್ದು. ಅದನ್ನು ಕೆಡಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ ತಟ್ಟುತ್ತದೆಂಬ ಶಾಪಾಶಯದಿಂದ ಅನೇಕ ಶಾಸನಗಳು ಮುಗಿಯುತ್ತವೆ. ಗಮನಿಸಬೇಕಾದ ಅಂಶವೆಂದರೆ, ಆ ವ್ಯವಸ್ಥೆಯಲ್ಲಿ ಮಾತು ಉಳಿಸಿಕೊಳ್ಳುವ ಹೊಣೆ ತೆರಿಗೆ ಬಿಟ್ಟವನ ಮೇಲೂ ಅವನ ನಂತರ ಆಳುವವರ ಮೇಲೂ ಇತ್ತು. ದಾನ ಪಡೆದವನು ಕಾಲಕಾಲಕ್ಕೆ ತನ್ನ ಅರ್ಹತೆಯನ್ನು ರುಜುವಾತುಪಡಿಸಬೇಕೆಂಬ ಕಲ್ಪನೆ ಶಾಸನದ ಭಾಷೆಯಲ್ಲಿ ಇರಲಿಲ್ಲ.

ಆ ಹೊಣೆ ತಿರುವುಮುರುವಾದದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಧಾರವಾಡ, ಬೆಳಗಾವಿ ಸೀಮೆಗಳನ್ನು ಒಳಗೊಂಡಿದ್ದ ದಕ್ಷಿಣ ಮರಾಠಾ ಪ್ರಾಂತದಲ್ಲಿ ಕಂದಾಯವಿಲ್ಲದೆ ಅನುಭೋಗದಲ್ಲಿದ್ದ ಭೂಮಿ ವಿಪುಲವಾಗಿದ್ದು, ಆ ಕಂದಾಯ ಕೈತಪ್ಪುತ್ತಿದೆಯೆಂಬ ಚಿಂತೆಯಿಂದ ಮುಂಬಯಿ ಸರ್ಕಾರ 1840ರ ದಶಕದಲ್ಲಿಯೇ ಇನಾಮುಗಳ ವಿಚಾರಣೆಗೆ ತೊಡಗಿತು. 1852ರ 11ನೆಯ ಕಾಯಿದೆ ಈ ವಿಚಾರಣೆಗೆ, ಇನಾಂ ಕಮಿಷನ್ ಎಂಬ ಹೆಸರಿನಲ್ಲಿ, ಪೂರ್ಣ ಅಧಿಕಾರ ಕೊಟ್ಟಿತು. ಇನಾಂದಾರನು ತನ್ನ ಸನದನ್ನು, ಎಂದರೆ ಅರಸನ ಮುದ್ರೆಯುಳ್ಳ ದಾನಪತ್ರವನ್ನು, ಕಮಿಷನ್ನಿನ ಮುಂದೆ ಹಾಜರುಪಡಿಸಬೇಕಾಗಿತ್ತು, ಮತ್ತು ಅದನ್ನು ಪೇಶ್ವೆಯವರ ದಫ್ತರಿನ ಹಳೆಯ ಲೆಕ್ಕಗಳೊಂದಿಗೆ ತಾಳೆ ನೋಡಲಾಗುತ್ತಿತ್ತು. ಸನದು ಗೆದ್ದಲು ಹಿಡಿದಿದ್ದರೆ, ದಾಯಾದಿಯ ಕೈಯಲ್ಲಿ ಉಳಿದಿದ್ದರೆ ಅಥವಾ ದಫ್ತರಿನಲ್ಲಿ ಅದರ ಉಲ್ಲೇಖ ಸಿಗದಿದ್ದರೆ, ತಲೆಮಾರುಗಳಿಂದ ನಡೆದುಬಂದ ಅನುಭೋಗವೂ ಪ್ರಶ್ನೆಗೆ ಒಳಗಾಗುತ್ತಿತ್ತು. ದೇವಸ್ಥಾನ, ಮಸೀದಿಗಳಂಥ ಸಂಸ್ಥೆಗಳ ಇನಾಮುಗಳಿಗೆ ನಿಯಮಗಳಲ್ಲಿ ಪ್ರತ್ಯೇಕವಾದ ರಕ್ಷಣೆ ಇತ್ತೆಂಬುದು ನಿಜ. ಆದರೆ ವ್ಯಕ್ತಿಗಳಿಗೆ ಸೇರಿದ ಇನಾಮುಗಳ ವಿಚಾರಣೆ ಹುಟ್ಟಿಸಿದ ಭಯ ಇಡೀ ಸೀಮೆಯನ್ನು ಆವರಿಸಿತು. 1858ರ ಮೇ ತಿಂಗಳಲ್ಲಿ ಸುರೇಬಾನದಲ್ಲಿ ನರಗುಂದದ ಅರಸ ಬಾಬಾಸಾಹೇಬನ ಕಡೆಯವರಿಂದ ಹತನಾದ ಪೊಲಿಟಿಕಲ್ ಏಜೆಂಟ್ ಮ್ಯಾನ್ಸನ್ ಹಿಂದೆ ಇನಾಂ ಕಮಿಷನ್ನಿನಲ್ಲಿ ಕೆಲಸ ಮಾಡಿದ್ದವನು. ನರಗುಂದದ ಬಂಡಾಯಕ್ಕೆ ದತ್ತಕದ ನಿರಾಕರಣೆ, ಆಯುಧಗಳ ಹರಣ ಮುಂತಾದ ನೇರ ಕಾರಣಗಳಿದ್ದವು; ಆದರೂ ಆ ಕಾಲದ ಅಸಮಾಧಾನವನ್ನು ವಿವರಿಸುವಾಗ ಈ ಕಾಗದಪತ್ರಗಳ ಶೋಧವನ್ನು ಬದಿಗಿರಿಸಲಾಗದು.

ಮೈಸೂರು ಸಂಸ್ಥಾನದಲ್ಲಿಯೂ 1860ರ ದಶಕದಲ್ಲಿ ಇನಾಮುಗಳ ವಿಚಾರಣೆ ನಡೆಯಿತು. ಸಂಪೂರ್ಣ ವಿನಾಯಿತಿಯುಳ್ಳ ಸರ್ವಮಾನ್ಯಗಳೊಂದಿಗೆ, ಅಲ್ಪ ಪ್ರಮಾಣದ ಕಂದಾಯ ಸಲ್ಲಿಸಬೇಕಾದ 'ಜೋಡಿ' ಗ್ರಾಮಗಳೂ ಅಲ್ಲಿ ಉಳಿದುಕೊಂಡವು. ಸ್ವಾತಂತ್ರ್ಯಾನಂತರ, 1955ರ ಧಾರ್ಮಿಕ ಮತ್ತು ಧರ್ಮಾರ್ಥ ಇನಾಂ ರದ್ದಿಯಾತಿ ಕಾಯಿದೆಯಿಂದ ಈ ಬಗೆಯ ಭೂಮಿ ಸರ್ಕಾರದ ವಶಕ್ಕೆ ಬಂದು, ದೇವಾಲಯಗಳಿಗೆ 'ತಸ್ತೀಕು' ಎಂಬ ವಾರ್ಷಿಕ ಹಣ ಮಾತ್ರ ದಕ್ಕಿತು.

ಭೂಮಿಯ ಬದಲು ಆದಾಯದ ಮೇಲೆ ತೆರಿಗೆ ಹಾಕುವ ಪದ್ಧತಿ ಇದಕ್ಕೆ ಸಮಾನಾಂತರವಾಗಿ ಬೆಳೆಯಿತು. 1857ರ ಬಂಡಾಯದಿಂದ ಬರಿದಾದ ಬೊಕ್ಕಸವನ್ನು ತುಂಬಲು ಜೇಮ್ಸ್ ವಿಲ್ಸನ್ 1860ರಲ್ಲಿ ತಂದ ಆದಾಯ ತೆರಿಗೆ ಐದು ವರ್ಷ ಮಾತ್ರ ನಡೆಯಿತು. ಅದು ಸ್ಥಿರವಾಗಿ ನೆಲೆನಿಂತದ್ದು 1886ರ ಕಾಯಿದೆಯಿಂದ. ಧಾರ್ಮಿಕ ಅಥವಾ ಸಾರ್ವಜನಿಕ ಧರ್ಮಾರ್ಥ ಉದ್ದೇಶಕ್ಕಾಗಿಯೇ ವಿನಿಯೋಗವಾಗುವ ಆಸ್ತಿಯ ಆದಾಯಕ್ಕೆ ಆ ಕಾಯಿದೆ ವಿನಾಯಿತಿ ಕೊಟ್ಟಿತು. 1922ರ ಕಾಯಿದೆಯ ಹೊತ್ತಿಗೆ ಧರ್ಮಾರ್ಥವೆಂದರೆ ಬಡವರ ಪರಿಹಾರ, ಶಿಕ್ಷಣ, ವೈದ್ಯಕೀಯ ನೆರವು ಮತ್ತು ಸಾರ್ವಜನಿಕ ಉಪಯುಕ್ತತೆಯ ಇತರ ಯಾವುದೇ ಉದ್ದೇಶವೆಂಬ ನಿರೂಪಣೆ ನಿಂತಿತ್ತು. ಆದರೆ ಈ ವಿನಾಯಿತಿ ದಾನ ಪಡೆದ ಸಂಸ್ಥೆಯ ಆದಾಯಕ್ಕೆ ಸಂಬಂಧಿಸಿದ್ದೇ ಹೊರತು ದಾನ ಕೊಟ್ಟವನ ತೆರಿಗೆಗೆ ಸಂಬಂಧಿಸಿರಲಿಲ್ಲ. ಕೊಡುವವನಿಗೂ ಪರಿಹಾರ ಬೇಕೆಂಬ ವಿಚಾರ 1948ರಲ್ಲಿ, 1922ರ ಕಾಯಿದೆಗೆ ಸೇರಿಸಿದ 15ಬಿ ಕಲಮಿನ ಮೂಲಕ ಕಾನೂನಾಯಿತು. ನಿರ್ದಿಷ್ಟ ಧಾರ್ಮಿಕ ಸಮುದಾಯವೊಂದರ ಪ್ರಯೋಜನಕ್ಕೆಂದೇ ಸ್ಥಾಪಿತವಾದ ಸಂಸ್ಥೆಗೆ ಕೊಟ್ಟ ದಾನ ಇದರಿಂದ ಹೊರಗುಳಿಯಿತು. ವರ್ಷಕ್ಕೆ ಒಟ್ಟು 250 ರೂಪಾಯಿಗಿಂತ ಕಡಿಮೆ ಕೊಟ್ಟವನಿಗೂ ಬಹುಕಾಲ ರಿಯಾಯಿತಿ ದೊರೆಯಲಿಲ್ಲ. ಅಂದಿನ ರೂಪಾಯಿಯ ಬೆಲೆಯನ್ನು ನೆನೆದರೆ, ಸಣ್ಣ ಸಂಬಳದ ದಾನಿಯನ್ನು ಕಾಯಿದೆ ಲೆಕ್ಕಕ್ಕೇ ಹಿಡಿಯಲಿಲ್ಲವೆನ್ನಬೇಕಾಗುತ್ತದೆ. 1961ರ ಹೊಸ ಕಾಯಿದೆಯಲ್ಲಿ 88ನೆಯ ಕಲಮಾಗಿದ್ದ ಈ ಏರ್ಪಾಟು 1968ರ ಏಪ್ರಿಲ್ 1ರಿಂದ 80ಜಿ ಎಂಬ ಇಂದಿಗೂ ಜನರ ಬಾಯಲ್ಲಿರುವ ಹೆಸರನ್ನು ಪಡೆಯಿತು.

ಈ ಕಲಮಿನ ಒಳಗೆ ಒಂದು ಸರಪಳಿ ಇದೆ. ದಾನಿಗೆ ಕಡಿತ, ಎಂದರೆ ತೆರಿಗೆಗೆ ಒಳಪಡುವ ಆದಾಯದಿಂದ ದಾನದ ಮೊತ್ತವನ್ನೋ ಅದರ ಭಾಗವನ್ನೋ ಕಳೆಯುವ ಸೌಲಭ್ಯ, ಸಿಗಬೇಕಾದರೆ ದಾನ ಪಡೆದ ಸಂಸ್ಥೆಯ ಆದಾಯವು ವಿನಾಯಿತಿಗೆ ಅರ್ಹವಾಗಿರಬೇಕು. ಆ ಸಂಸ್ಥೆ ಅರ್ಹತೆ ಕಳೆದುಕೊಂಡರೆ ಅದರ ಪೆಟ್ಟು ದಾನಿಯವರೆಗೂ ಬರುತ್ತದೆ. ಆದ್ದರಿಂದ ಧರ್ಮಾರ್ಥ ಎಂದರೇನು ಎಂಬ ವಿವಾದ ಟ್ರಸ್ಟುಗಳಿಗೆ ಮಾತ್ರ ಸೀಮಿತವಾದದ್ದಲ್ಲ, ಮತ್ತು ಆ ವಿವಾದದ ಅತ್ಯಂತ ಮುಖ್ಯವಾದ ಒಂದು ಪ್ರಕರಣ ಕರ್ನಾಟಕದ ಪತ್ರಿಕಾ ಲೋಕದಿಂದಲೇ ಹುಟ್ಟಿತು.

ಅದರ ಹಿನ್ನೆಲೆ ಲಾಹೋರಿನಲ್ಲಿದೆ. ಸರ್ದಾರ್ ದಯಾಲ್ ಸಿಂಗ್ ಮಜೀಠಿಯಾ 1881ರಲ್ಲಿ ಆರಂಭಿಸಿ, ಮರಣಶಾಸನದ ಮೂಲಕ ಟ್ರಸ್ಟಿಗೆ ವಹಿಸಿದ 'ಟ್ರಿಬ್ಯೂನ್' ಪತ್ರಿಕೆ, ಪ್ರತಿಗಳನ್ನು ಮಾರಿ ಜಾಹೀರಾತು ಪಡೆದರೂ, ಖಾಸಗಿ ಲಾಭಕ್ಕಾಗಿ ನಡೆಯದೆ ವಿದ್ಯಾವಂತ ಲೋಕಾಭಿಪ್ರಾಯಕ್ಕೆ ವಾಹಿನಿಯಾಗಿರುವುದರಿಂದ ಸಾರ್ವಜನಿಕ ಉಪಯುಕ್ತತೆಯ ಕಾರ್ಯವೇ ಆಗಿದೆಯೆಂದು ಪ್ರಿವಿ ಕೌನ್ಸಿಲ್ 1939ರಲ್ಲಿ ತೀರ್ಮಾನಿಸಿತ್ತು. 1961ರ ಕಾಯಿದೆ ಈ ವ್ಯಾಪಕ ವ್ಯಾಖ್ಯಾನಕ್ಕೆ ಬೇಲಿ ಹಾಕಲು, 'ಲಾಭಕ್ಕಾಗಿ ನಡೆಸುವ ಯಾವುದೇ ಚಟುವಟಿಕೆಯನ್ನು ಒಳಗೊಂಡಿರದ' ಎಂಬ ಅರ್ಥದ ಮಾತನ್ನು ನಾಲ್ಕನೆಯ ಉದ್ದೇಶಕ್ಕೆ ಸೇರಿಸಿತು. ಆ ಬೇಲಿಯ ಮೊದಲ ದೊಡ್ಡ ಪರೀಕ್ಷೆಗೆ ಒಳಗಾದದ್ದು ಹುಬ್ಬಳ್ಳಿಯ ಲೋಕಶಿಕ್ಷಣ ಟ್ರಸ್ಟ್. 'ಸಂಯುಕ್ತ ಕರ್ನಾಟಕ' ದೈನಿಕ, 'ಕರ್ಮವೀರ' ವಾರಪತ್ರಿಕೆ, 'ಕಸ್ತೂರಿ' ಮಾಸಪತ್ರಿಕೆಗಳನ್ನು ಹೊರತರುತ್ತಿದ್ದ ಈ ಟ್ರಸ್ಟಿನ ಹೆಸರಿನಲ್ಲಿಯೇ ಅದರ ವಾದ ಅಡಗಿತ್ತು: ಓದು ಬಲ್ಲ ಸಾಮಾನ್ಯ ಜನರಿಗೆ ನಾಡಿನ, ಲೋಕದ ತಿಳಿವಳಿಕೆ ಕೊಡುವುದೂ ಶಿಕ್ಷಣವೇ. ಏಕೀಕರಣದ ಹೋರಾಟದಲ್ಲಿ ಈ ಪತ್ರಿಕಾ ಬಳಗದ ಪಾತ್ರವನ್ನು ಬಲ್ಲವರಿಗೆ ಆ ವಾದ ಸಹಜವಾಗಿಯೇ ತೋರಿದ್ದೀತು.

ಮೈಸೂರು ಹೈಕೋರ್ಟ್ ಅದನ್ನು ಒಪ್ಪಲಿಲ್ಲ. 1975ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಟ್ರಸ್ಟಿನ ಮೇಲ್ಮನವಿಯನ್ನು ವಜಾಗೊಳಿಸಿತು. ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರ ತೀರ್ಪಿನ ಪ್ರಕಾರ, ಮನುಷ್ಯ ಪ್ರವಾಸದಿಂದಲೂ ಪತ್ರಿಕೆಯಿಂದಲೂ ಕಲಿಯುತ್ತಾನೆಂಬುದು ನಿಜವಾದರೂ, ಕಾಯಿದೆಯಲ್ಲಿ ಬಂದಿರುವ ಶಿಕ್ಷಣವೆಂದರೆ ಕ್ರಮಬದ್ಧವಾದ ಬೋಧನೆ, ಶಾಲೆಯ ರೀತಿಯ ತರಬೇತಿ. ಪತ್ರಿಕಾ ಪ್ರಕಟಣೆ ಸಾರ್ವಜನಿಕ ಉಪಯುಕ್ತತೆಯ ಗುಂಪಿಗೆ ಸೇರಬಹುದಾದರೂ, ಇಲ್ಲಿ ಅದು ಲಾಭ ತರುವ ಚಟುವಟಿಕೆಯಾಗಿರುವುದರಿಂದ ವಿನಾಯಿತಿಗೆ ಅರ್ಹವಲ್ಲ. ಕಾಯಿದೆಯ ಪದಗಳಿಗೆ ಕಟ್ಟುಬಿದ್ದ ತೀರ್ಪಾಗಿ ಇದನ್ನು ತಪ್ಪೆನ್ನಲಾಗದು. ಆದರೆ ಶಾಲೆಯ ಗೋಡೆಯಾಚೆಗಿನ ಲೋಕಶಿಕ್ಷಣಕ್ಕೆ ಕಾಯಿದೆಯಲ್ಲಿ ಜಾಗವಿಲ್ಲವಾದದ್ದು, ಶಾಲೆಗಳು ವಿರಳವಾಗಿದ್ದ ನಾಡಿನ ಪಾಲಿಗೆ ನಷ್ಟವೇ. ನಾಲ್ಕು ವರ್ಷಗಳ ನಂತರ, ಸೂರತ್ತಿನ ಕೃತಕ ರೇಷ್ಮೆ ತಯಾರಕರ ಸಂಘದ ಪ್ರಕರಣದಲ್ಲಿ ಅದೇ ನ್ಯಾಯಾಲಯ ಪ್ರಧಾನ ಉದ್ದೇಶ ಲಾಭವಲ್ಲವಾದರೆ ಸಾಕೆಂದು ಹೇಳಿ ಬೇಲಿಯನ್ನು ಸಡಿಲಿಸಿತು. 1984ರಲ್ಲಿ ಆ ಪದಗಳೇ ಕಾಯಿದೆಯಿಂದ ಹೋದವು. 2008ರ ತಿದ್ದುಪಡಿ ಹೊಸ ರೂಪದ ನಿರ್ಬಂಧವನ್ನು ತಂದಿತು. 2022ರ ಅಕ್ಟೋಬರಿನ ತೀರ್ಪುಗಳಲ್ಲಿ ಸುಪ್ರೀಂ ಕೋರ್ಟ್ ಸೂರತ್ ತೀರ್ಪಿನ ಸಡಿಲಿಕೆಯನ್ನು ಕೈಬಿಟ್ಟು, ಶಿಕ್ಷಣದ ವಿಷಯದಲ್ಲಿ ಲೋಕಶಿಕ್ಷಣ ಟ್ರಸ್ಟ್ ಪ್ರಕರಣದ ಅರ್ಥವನ್ನೇ ಎತ್ತಿಹಿಡಿಯಿತು.

ದಾನಿಯ ಕಡಿತವನ್ನೇ ನೇರವಾಗಿ ನಿರಾಕರಿಸಿದ ಪ್ರಕರಣಗಳಿಗೆ ಬಂದರೆ, ಅವುಗಳಲ್ಲಿ ಹೆಚ್ಚಿನವು ದಾನದ ರೂಪಕ್ಕೆ ಸಂಬಂಧಿಸಿದವು. ಕೇರಳದ ಶ್ರೀ ರಾಮವರ್ಮರು ಧರ್ಮಾರ್ಥ ಸಂಸ್ಥೆಗೆ ಷೇರುಗಳನ್ನು ಕೊಟ್ಟಿದ್ದರು. 80ಜಿ ಹೇಳುವುದು ಹಣದ ಮೊತ್ತದ ಬಗ್ಗೆ ಮಾತ್ರವೆಂದೂ, ವಸ್ತುರೂಪದ ದಾನಕ್ಕೆ, ಅದರ ಬೆಲೆ ಎಷ್ಟೇ ಖಚಿತವಾಗಿದ್ದರೂ, ಕಡಿತ ಇಲ್ಲವೆಂದೂ 1991ರಲ್ಲಿ ವರದಿಯಾದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಶಾಸನಗಳ ಕಾಲದ ಗದ್ದೆ, ತೋಟ, ಎಣ್ಣೆಗಾಣಗಳ ದಾನವನ್ನು ಈ ಕಲಮಿನ ಮುಂದಿಟ್ಟರೆ ಅವುಗಳಲ್ಲಿ ಯಾವುದಕ್ಕೂ ರಿಯಾಯಿತಿ ದಕ್ಕುತ್ತಿರಲಿಲ್ಲ. ಹಣದ ದಾನಕ್ಕೂ ಮುಂದೆ ಮಿತಿ ಬಂತು: ನಗದಾಗಿ ಕೊಟ್ಟ ದಾನಕ್ಕೆ ಮೊದಲು 10,000 ರೂಪಾಯಿಯ, 2017ರ ತಿದ್ದುಪಡಿಯ ನಂತರ 2,000 ರೂಪಾಯಿಯ ಗಡಿ ಹಾಕಲಾಯಿತು. ಚೆಕ್ಕಿನಲ್ಲಿ ದಾನ ಪಡೆದು, ದಲ್ಲಾಳಿಯ ಪಾಲನ್ನು ಹಿಡಿದುಕೊಂಡು ಉಳಿದದ್ದನ್ನು ದಾನಿಗೇ ನಗದಾಗಿ ಹಿಂದಿರುಗಿಸುವ ಸಂಸ್ಥೆಗಳು ಬೆಳಕಿಗೆ ಬಂದ ಮೇಲೆ ಇಲಾಖೆಯ ಸಂಶಯ ಇನ್ನಷ್ಟು ಬಲಿಯಿತು. ಧರ್ಮದ ಹೆಸರನ್ನು ಹೀಗೆ ದಂಧೆಗೆ ಬಳಸಿದವರು ಸರ್ಕಾರಕ್ಕಷ್ಟೇ ಅಲ್ಲ, ಪ್ರಾಮಾಣಿಕ ದಾನಿಗಳಿಗೂ ದ್ರೋಹ ಬಗೆದರು. ಏಕೆಂದರೆ ಅಂಥ ಸಂಸ್ಥೆಗೆ ಸದ್ಭಾವದಿಂದ ಕೊಟ್ಟವನೂ ಅದೇ ಸಂಶಯದಲ್ಲಿ ಸಿಕ್ಕಿಬಿದ್ದು, ತನಗೆ ಹಣ ಹಿಂದಿರುಗಿ ಬಂದಿಲ್ಲವೆಂದು ಸಾಬೀತುಪಡಿಸುವ ಕಷ್ಟಕ್ಕೆ ಒಳಗಾದನು.

ಈ ಕಷ್ಟದಲ್ಲಿ ದಾನಿಗೆ ಆಸರೆಯಾದದ್ದು ಅಸ್ಸಾಮಿನ ಚಹಾ ಕಂಪನಿಯೊಂದರ ಪ್ರಕರಣದಲ್ಲಿ 2003ರಲ್ಲಿ ವರದಿಯಾದ ಸುಪ್ರೀಂ ಕೋರ್ಟಿನ ತೀರ್ಪು. ಗ್ರಾಮಾಭಿವೃದ್ಧಿಗೆಂದು ದಾನ ಪಡೆದ ಸಂಸ್ಥೆಯ ಮಾನ್ಯತೆಯನ್ನು ನಂತರ ಹಿಂದಿನ ದಿನಾಂಕದಿಂದ ರದ್ದುಪಡಿಸಿದರೂ, ಕೊಟ್ಟ ದಿನ ಮಾನ್ಯತೆ ಇದ್ದದ್ದರಿಂದ ದಾನಿಯ ಕಡಿತ ಹೋಗದೆಂದು ಅದು ಹೇಳಿತು. ವೈಜ್ಞಾನಿಕ ಸಂಶೋಧನೆಯ ದಾನಗಳ ವಿಷಯದಲ್ಲಿ ಸಂಸತ್ತೂ 2006ರ ತಿದ್ದುಪಡಿಯಲ್ಲಿ ಇದೇ ನಿಲುವನ್ನು ತಳೆಯಿತು. ಸಂಸ್ಥೆಯೊಳಗಿನ ಲೆಕ್ಕ ದಾನಿಯ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ, ಅವನ ಹೊಣೆಯನ್ನು ಕೊಟ್ಟ ದಿನದ ಮಾನ್ಯತೆಗೆ ನಿಲ್ಲಿಸಿದ ಈ ನಿಲುವೇ ನ್ಯಾಯವಾದದ್ದು.

ಆದರೆ 2020ರ ಹಣಕಾಸು ಕಾಯಿದೆ ಹೊರೆಯನ್ನು ಬೇರೆ ದಾರಿಯಿಂದ ಮರಳಿ ತಂದಿತು. ಅದರಂತೆ ಪ್ರತಿ ಸಂಸ್ಥೆಯೂ ಹೊಸದಾಗಿ ಮಾನ್ಯತೆ ಪಡೆದು, ಅವಧಿ ಮುಗಿದಾಗ ನವೀಕರಿಸಬೇಕು. 2021-22ರ ಹಣಕಾಸು ವರ್ಷದಿಂದ ಪ್ರತಿ ದಾನಿಯ ಹೆಸರು, ಪ್ಯಾನ್ ಸಂಖ್ಯೆ ಮತ್ತು ಮೊತ್ತವನ್ನು 10ಬಿಡಿ ಎಂಬ ನಮೂನೆಯಲ್ಲಿ ಮೇ 31ರೊಳಗೆ ಸಲ್ಲಿಸಿ, 10ಬಿಇ ಎಂಬ ಪ್ರಮಾಣಪತ್ರವನ್ನು ದಾನಿಗೆ ಕೊಡಬೇಕೆಂಬ ನಿಯಮ ಬಂತು. ಸಂಸ್ಥೆ ಇದನ್ನು ಮರೆತರೆ, ಪ್ಯಾನ್ ಸಂಖ್ಯೆಯ ಒಂದು ಅಕ್ಷರ ತಪ್ಪಿದರೆ, ಬೆಂಗಳೂರಿನ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದಲ್ಲಿ ದಾನಿಯ ವಿವರಪಟ್ಟಿ ತಾಳೆಯಾಗದೆ ಕಡಿತ ಕೈತಪ್ಪುವ ಸಂಭವವಿದೆ. ಆಗ ದಾನಿಯು ತಿದ್ದಿದ ನಮೂನೆಯನ್ನು ಸಂಸ್ಥೆ ಸಲ್ಲಿಸುವಂತೆ ಮಾಡಿ, 1961ರ ಕಾಯಿದೆಯ 154ನೆಯ ಕಲಮಿನಡಿ ತಿದ್ದುಪಡಿ ಕೋರಬಹುದು. ಅಥವಾ 30 ದಿನಗಳೊಳಗೆ ಆಯುಕ್ತರಿಗೆ ಮೇಲ್ಮನವಿ ಸಲ್ಲಿಸಿ, ಅಲ್ಲಿಯೂ ಸೋತರೆ, 1941ರ ಜನವರಿ 25ರಂದು ಅಸ್ತಿತ್ವಕ್ಕೆ ಬಂದ ಆದಾಯ ತೆರಿಗೆ ಮೇಲ್ಮನವಿ ನ್ಯಾಯಾಧಿಕರಣಕ್ಕೆ ಹೋಗಬಹುದು. ರಸೀದಿ, ಬ್ಯಾಂಕಿನ ದಾಖಲೆ ಮತ್ತು ಕೊಟ್ಟ ದಿನ ಜಾರಿಯಲ್ಲಿದ್ದ ಮಾನ್ಯತೆಯ ಆದೇಶ, ಈ ಮೂರರ ಮೇಲೆಯೇ ಅಲ್ಲಿ ದಾನಿಯ ವಾದ ನಿಲ್ಲುತ್ತದೆ. 2023-24ರಿಂದ ಸಾಮಾನ್ಯ ನಿಯಮವಾಗಿರುವ ಹೊಸ ತೆರಿಗೆ ಪದ್ಧತಿಯಲ್ಲಂತೂ 80ಜಿ ಕಡಿತವೇ ಇಲ್ಲದಿರುವುದರಿಂದ, ಇಂದು ಈ ವಿವಾದ ಹಳೆಯ ಪದ್ಧತಿಯನ್ನು ಆರಿಸಿಕೊಂಡ ದಾನಿಗಳಿಗೆ ಮಾತ್ರ ಉಳಿದಿದೆ.