ಬೀಟಾ-ಬ್ಲಾಕರ್ ಔಷಧಿಗಳ ಸುರಕ್ಷಿತ ಸೇವನೆ – ಸಾರ್ವಜನಿಕರ ಮಾಹಿತಿಗಾಗಿ

ಅಧಿಕ ರಕ್ತದೊತ್ತಡ, ಹೃದಯ ಸಂಬಂಧಿ ಎದೆನೋವು, ಹೃದಯ ವೈಫಲ್ಯ, ಹೃದಯ ಬಡಿತದ ಏರುಪೇರು, ಅರೆತಲೆನೋವು ಹಾಗೂ ಥೈರಾಯಿಡ್ ಗ್ರಂಥಿಯ ಅತಿಸ್ರಾವಕ್ಕೆ ವೈದ್ಯರು ಬೀಟಾ-ಬ್ಲಾಕರ್ ವರ್ಗದ ಔಷಧಿಗಳನ್ನು ಸೂಚಿಸುವುದುಂಟು. ಇವು ಅಡ್ರಿನಲಿನ್ ಹಾರ್ಮೋನಿನ ಪ್ರಭಾವವನ್ನು ತಡೆದು ಹೃದಯದ ಬಡಿತವನ್ನು ನಿಧಾನಗೊಳಿಸುತ್ತವೆ. ಒಬ್ಬರಿಗೆ ಹಿತವಾದ ಪ್ರಮಾಣವು ಮತ್ತೊಬ್ಬರಿಗೆ ಅಪಾಯಕಾರಿಯಾಗಬಹುದಾದ್ದರಿಂದ, ಈ ಕೆಳಕಂಡ ಅಂಶಗಳನ್ನು ಸಾರ್ವಜನಿಕರ ಗಮನಕ್ಕೆ ತರಲಾಗಿದೆ.

1. ಕಾಯಿಲೆಗೆ ಅನುಗುಣವಾಗಿ ಪ್ರಮಾಣ

ವಯಸ್ಕರಿಗೆ ಸಾಮಾನ್ಯವಾಗಿ ಸೂಚಿಸಲಾಗುವ ಪ್ರಮಾಣಗಳು ಹೀಗಿವೆ:

ಅ) ಅಧಿಕ ರಕ್ತದೊತ್ತಡ: ಅಟೆನೊಲಾಲ್ ದಿನಕ್ಕೊಮ್ಮೆ 25 ರಿಂದ 50 ಮಿ.ಗ್ರಾಂ.; ಗರಿಷ್ಠ 100 ಮಿ.ಗ್ರಾಂ.
ಆ) ಹೃದಯ ವೈಫಲ್ಯ: ಕಾರ್ವೆಡಿಲಾಲ್ 3.125 ಮಿ.ಗ್ರಾಂ. ದಿನಕ್ಕೆರಡು ಬಾರಿ, ಆಹಾರದೊಂದಿಗೆ. ಅಥವಾ ಬಿಸೊಪ್ರೊಲಾಲ್ ದಿನಕ್ಕೊಮ್ಮೆ 1.25 ಮಿ.ಗ್ರಾಂ. ಇವು ಆರಂಭಿಕ ಪ್ರಮಾಣಗಳು.
ಇ) ಅರೆತಲೆನೋವು ಬಾರದಂತೆ ತಡೆಯಲು: ಪ್ರೊಪ್ರನಲಾಲ್ ದಿನಕ್ಕೆ ಒಟ್ಟು 80 ರಿಂದ 160 ಮಿ.ಗ್ರಾಂ.; ಆರಂಭದಲ್ಲಿ ಇದಕ್ಕಿಂತ ಕಡಿಮೆ ನೀಡಬಹುದು.

ಹೃದಯ ವೈಫಲ್ಯದಲ್ಲಿ ಪ್ರಮಾಣವನ್ನು ಕನಿಷ್ಠ 2 ವಾರಗಳ ಅಂತರದಲ್ಲಿ ಹಂತಹಂತವಾಗಿ ಹೆಚ್ಚಿಸಲಾಗುತ್ತದೆ. ಗುಣ ಬೇಗ ಕಾಣಲೆಂದು ರೋಗಿಯು ತಾನೇ ಪ್ರಮಾಣ ಹೆಚ್ಚಿಸಿಕೊಂಡಲ್ಲಿ ಉಸಿರಾಟದ ತೊಂದರೆ ಹಾಗೂ ಕಾಲಿನ ಊತ ಉಲ್ಬಣಿಸಬಹುದು.

2. ವಿಶೇಷ ಎಚ್ಚರಿಕೆ ಅಗತ್ಯವಿರುವವರು

ಅ) ಆಸ್ತಮಾ ರೋಗಿಗಳು: ಶ್ವಾಸನಾಳ ಸಂಕುಚಿತಗೊಳ್ಳುವ ಅಪಾಯವಿದೆ. ವಿಶೇಷವಾಗಿ ಪ್ರೊಪ್ರನಲಾಲ್ ಸೇವಿಸತಕ್ಕದ್ದಲ್ಲ.
ಆ) ಮಧುಮೇಹಿಗಳು: ರಕ್ತದ ಸಕ್ಕರೆ ಕುಸಿದಾಗ ಉಂಟಾಗುವ ನಡುಕ ಮತ್ತು ಎದೆಬಡಿತ ಮರೆಯಾಗಬಹುದು, ಬೆವರುವಿಕೆ ಮಾತ್ರ ಉಳಿಯುತ್ತದೆ. ಆದುದರಿಂದ ಬೆವರು ಕಂಡಾಗ ಸಕ್ಕರೆ ಪರೀಕ್ಷಿಸಿಕೊಳ್ಳುವುದು.
ಇ) ಮೂತ್ರಪಿಂಡದ ಕಾಯಿಲೆಯುಳ್ಳವರು: ಅಟೆನೊಲಾಲ್ ಮೂತ್ರಪಿಂಡದ ಮೂಲಕ ಹೊರಹೋಗುವುದರಿಂದ ದೇಹದಲ್ಲಿ ಶೇಖರವಾಗುತ್ತದೆ. ಪ್ರಮಾಣವನ್ನು ತಗ್ಗಿಸಬೇಕಾಗುತ್ತದೆ.
ಈ) ಗರ್ಭಿಣಿಯರು: ಸಾಮಾನ್ಯವಾಗಿ ಅಟೆನೊಲಾಲ್ ಬದಲು ಲ್ಯಾಬೆಟಲಾಲ್ ನೀಡಲಾಗುತ್ತದೆ. ಗರ್ಭ ಧರಿಸಿರುವುದು ತಿಳಿದ ಕೂಡಲೇ ವೈದ್ಯರಿಗೆ ತಿಳಿಸುವುದು.
ಉ) ವೃದ್ಧರು: ಕಡಿಮೆ ಪ್ರಮಾಣದಿಂದ ಆರಂಭಿಸಲಾಗುತ್ತದೆ. ಎದ್ದು ನಿಂತಾಗ ತಲೆ ಸುತ್ತಿ ಬೀಳುವ ಸಂಭವವಿರುತ್ತದೆ.
ಊ) ವೆರಪಮಿಲ್ ಅಥವಾ ಡಿಲ್ಟಿಯಾಜೆಮ್ ಸೇವಿಸುತ್ತಿರುವವರು: ಹೃದಯ ಬಡಿತ ಅಪಾಯಕಾರಿ ಮಟ್ಟಕ್ಕೆ ಇಳಿಯಬಹುದು.

3. ಔಷಧಿಯನ್ನು ಏಕಾಏಕಿ ನಿಲ್ಲಿಸಬಾರದು

ಮಾತ್ರೆ ಮುಗಿದಿದೆ ಅಥವಾ ರಕ್ತದೊತ್ತಡ ಸರಿಯಾಗಿದೆ ಎಂಬ ಕಾರಣಕ್ಕೆ ಸೇವನೆ ನಿಲ್ಲಿಸಿದಲ್ಲಿ ಎದೆನೋವು ಮರುಕಳಿಸಬಹುದು, ಹೃದಯಾಘಾತವೂ ಸಂಭವಿಸಬಹುದು. ನಿಲ್ಲಿಸಬೇಕಾದಾಗ ವೈದ್ಯರು ಸಾಮಾನ್ಯವಾಗಿ 1 ರಿಂದ 2 ವಾರಗಳಲ್ಲಿ ಪ್ರಮಾಣವನ್ನು ಕ್ರಮೇಣ ಇಳಿಸುತ್ತಾರೆ. ಊರಿಗೆ ಅಥವಾ ಯಾತ್ರೆಗೆ ತೆರಳುವವರು ಸಾಕಷ್ಟು ಮಾತ್ರೆಗಳನ್ನು ಜೊತೆಯಲ್ಲಿರಿಸಿಕೊಳ್ಳುವುದು. ಒಂದು ಹೊತ್ತಿನ ಮಾತ್ರೆ ತಪ್ಪಿದಲ್ಲಿ, ಮುಂದಿನ ಹೊತ್ತಿನಲ್ಲಿ ಎರಡು ಮಾತ್ರೆ ಸೇವಿಸತಕ್ಕದ್ದಲ್ಲ.

4. ಔಷಧಿ ಪಡೆಯುವಾಗ ಗಮನಿಸಬೇಕಾದ ಅಂಶಗಳು

ಅ) ಈ ಔಷಧಿಗಳನ್ನು ವೈದ್ಯರ ಚೀಟಿಯಿಲ್ಲದೆ ಪಡೆಯತಕ್ಕದ್ದಲ್ಲ. ಚೀಟಿ ಹಾಗೂ ಹಳೆಯ ಮಾತ್ರೆಯ ಪಟ್ಟಿಯನ್ನು ತಪ್ಪದೇ ತರುವುದು.
ಆ) ಕಂಪನಿಯ ಹೆಸರು ಬದಲಾಗಿದ್ದಲ್ಲಿ ಔಷಧಿಯ ಮೂಲ ಹೆಸರು ಮತ್ತು ಮಿ.ಗ್ರಾಂ. ಎರಡನ್ನೂ ಹೋಲಿಸಿ ನೋಡುವುದು. ಹೆಸರು ಬೇರೆಯಾದರೂ ಔಷಧಿ ಒಂದೇ ಆಗಿರಬಹುದು. ಎರಡನ್ನೂ ಸೇವಿಸಿದಲ್ಲಿ ಪ್ರಮಾಣ ದುಪ್ಪಟ್ಟಾಗುತ್ತದೆ.
ಇ) ಮೆಟೊಪ್ರೊಲಾಲ್ ಟಾರ್ಟ್ರೇಟ್ ಹಾಗೂ ಮೆಟೊಪ್ರೊಲಾಲ್ ಸಕ್ಸಿನೇಟ್ ಒಂದೇ ಅಲ್ಲ. ಎರಡನೆಯದು ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆಯಾಗಿದ್ದು, ಅದನ್ನು ಅಗಿಯುವುದಾಗಲಿ ಪುಡಿ ಮಾಡುವುದಾಗಲಿ ಕೂಡದು.

5. ತುರ್ತು ಸಂದರ್ಭ

ಮಣಿಕಟ್ಟಿನ ನಾಡಿಯನ್ನು ಪೂರ್ಣ 1 ನಿಮಿಷ ಎಣಿಸಿದಾಗ ಬಡಿತ 50ಕ್ಕಿಂತ ಕಡಿಮೆಯಿದ್ದಲ್ಲಿ, ಮುಂದಿನ ಮಾತ್ರೆ ಸೇವಿಸುವ ಮೊದಲು ವೈದ್ಯರನ್ನು ವಿಚಾರಿಸತಕ್ಕದ್ದು. ಪ್ರಜ್ಞೆ ತಪ್ಪುವುದು, ತೀವ್ರ ಎದೆನೋವು, ಉಸಿರುಗಟ್ಟುವಿಕೆ ಕಂಡುಬಂದಲ್ಲಿ ಅಥವಾ ಆಕಸ್ಮಿಕವಾಗಿ ಹೆಚ್ಚು ಮಾತ್ರೆ ಸೇವಿಸಿದಲ್ಲಿ, ವಿಳಂಬ ಮಾಡದೆ 108 ಸಂಖ್ಯೆಗೆ ಕರೆ ಮಾಡಿ ಆಂಬುಲೆನ್ಸ್ ಸೇವೆ ಪಡೆಯುವುದು. ಮಾತ್ರೆಯ ಪಟ್ಟಿಯನ್ನೂ ಆಸ್ಪತ್ರೆಗೆ ಕೊಂಡೊಯ್ಯುವುದು.

ವಿ.ಸೂ.: ಮೇಲ್ಕಂಡ ಪ್ರಮಾಣಗಳು ಮಾಹಿತಿಗಾಗಿ ಮಾತ್ರ. ಇವುಗಳ ಆಧಾರದ ಮೇಲೆ ಔಷಧಿಯನ್ನು ಆರಂಭಿಸುವುದಾಗಲಿ, ಬದಲಿಸುವುದಾಗಲಿ ಮಾಡತಕ್ಕದ್ದಲ್ಲ. ಚಿಕಿತ್ಸೆ ನೀಡುತ್ತಿರುವ ವೈದ್ಯರ ಸಲಹೆಯೇ ಅಂತಿಮ.